ಚಾಲನಾ ತರಬೇತಿಗೆ ಸರ್ಕಾರದ ನೆರವು: ಪ್ರಕಟಣೆ ಬರುವ ಮೊದಲೇ ಆಗಬೇಕಾದ ಕೆಲಸ

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)

1. ಪೀಠಿಕೆ

ಸರಕು ವಾಹನ ಅಥವಾ ಟ್ಯಾಕ್ಸಿ ಖರೀದಿಗೆ ಸಹಾಯಧನ ನೀಡುವ ಪ್ರಕಟಣೆಯೊಂದು ಗ್ರಾಮ ಪಂಚಾಯತಿಯ ಸೂಚನಾ ಫಲಕದ ಮೇಲೆ ಬಂದಾಗ ಕಛೇರಿಯ ಮುಂದೆ ಜನ ಸೇರುವುದು ಸಹಜ. ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪುಸ್ತಕ, ಪಡಿತರ ಚೀಟಿ ಇವೆಲ್ಲವನ್ನೂ ಬಡ ಕುಟುಂಬದ ಯುವಕನೊಬ್ಬ ಒಂದು ವಾರದೊಳಗೆ ಹೊಂದಿಸಿಕೊಳ್ಳಬಲ್ಲನು. ಆದರೆ ಅರ್ಹತೆಯ ಪಟ್ಟಿಯಲ್ಲಿ ಕಂಡುಬರುವ ಇನ್ನೊಂದು ಸಾಲು ಅವನನ್ನು ಅಲ್ಲಿಯೇ ನಿಲ್ಲಿಸಿಬಿಡುತ್ತದೆ: ಅರ್ಜಿದಾರರು ಚಾಲ್ತಿಯಲ್ಲಿರುವ ಚಾಲನಾ ಪರವಾನಗಿ ಹೊಂದಿರತಕ್ಕದ್ದು.

ಪರವಾನಗಿ ಒಂದು ವಾರದಲ್ಲಿ ದೊರೆಯುವಂಥದ್ದಲ್ಲ. ಕಾನೂನಿನಂತೆ ಅದಕ್ಕೆ ಕನಿಷ್ಠ ಒಂದು ತಿಂಗಳು ಬೇಕು. ವಾಸ್ತವದಲ್ಲಿ ಎರಡು, ಮೂರು ತಿಂಗಳು ಹಿಡಿಯುತ್ತದೆ. ಅಷ್ಟರಲ್ಲಿ ಅರ್ಜಿಯ ಕೊನೆಯ ದಿನಾಂಕ ಕಳೆದಿರುತ್ತದೆ. ಹೀಗೆ ಲಕ್ಷಗಟ್ಟಲೆ ರೂಪಾಯಿಯ ಸೌಲಭ್ಯವೊಂದು ಕೆಲವು ಸಾವಿರ ರೂಪಾಯಿಯ ತರಬೇತಿಯ ಕೊರತೆಯಿಂದ ಕೈತಪ್ಪುತ್ತದೆ. ಆ ತರಬೇತಿಯನ್ನು ಉಚಿತವಾಗಿ ನೀಡುವ ಸಂಸ್ಥೆಗಳೂ ಅದಕ್ಕೆ ವೆಚ್ಚ ಮಾಡಬಹುದಾದ ಅನುದಾನವೂ ಜಿಲ್ಲೆಯಲ್ಲಿಯೇ ಇರುವಾಗ ಹೀಗಾಗುವುದು ವಿಷಾದದ ಸಂಗತಿ.

ಚಾಲನಾ ತರಬೇತಿಗೆ ದೊರೆಯುವ ಸರ್ಕಾರಿ ನೆರವಿನ ಮಾರ್ಗಗಳು ಯಾವುವು, ಆ ನೆರವು ನಿಜವಾದ ಕಲಿಕೆಯಾಗಿ ಪರಿಣಮಿಸುವಂತೆ ನೋಡಿಕೊಳ್ಳುವುದು ಹೇಗೆ, ಇದರಲ್ಲಿ ವಾರ್ಡಿನ ಸದಸ್ಯರ ಪಾತ್ರವೇನು ಎಂಬುದನ್ನು ಈ ಪಾಠವು ವಿವರಿಸುತ್ತದೆ.

2. ಇದು ಗ್ರಾಮ ಪಂಚಾಯತಿಯ ವಿಷಯ ಏಕೆ?

ಪರವಾನಗಿ ನೀಡುವುದು ಸಾರಿಗೆ ಇಲಾಖೆಯ ಕೆಲಸ; ಇದರಲ್ಲಿ ಪಂಚಾಯತಿಗೆ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಅದಕ್ಕೆ ಮೂರು ಉತ್ತರಗಳಿವೆ.

ಮೊದಲನೆಯದು ಜೀವದ ಪ್ರಶ್ನೆ. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನರು ಮೃತಪಟ್ಟರು. ಈ ಸಾವುಗಳಲ್ಲಿ ಸುಮಾರು ಮೂರನೆಯ ಎರಡರಷ್ಟು ಗ್ರಾಮೀಣ ಪ್ರದೇಶಗಳಲ್ಲಿ ಸಂಭವಿಸಿದವು. ಮೃತರಲ್ಲಿಯೂ ಸುಮಾರು ಮೂರನೆಯ ಎರಡರಷ್ಟು ಜನ 18ರಿಂದ 45 ವರ್ಷದೊಳಗಿನವರು, ಅಂದರೆ ಮನೆಯ ದುಡಿಯುವ ಕೈಗಳು. ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸಲು ಕಲಿತ ಹುಡುಗ ಅದೇ ಧೈರ್ಯದಲ್ಲಿ ರಾಜ್ಯ ಹೆದ್ದಾರಿಗೆ ಇಳಿಯುತ್ತಾನೆ. ಹೊಲದಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ, ಹೆದ್ದಾರಿಯಲ್ಲಿ ಬರುತ್ತಾರೆ. ರಸ್ತೆಯ ನಿಯಮ, ಅಂತರದ ಅಂದಾಜು, ರಾತ್ರಿಯ ಬೆಳಕಿನ ಬಳಕೆ ಇವನ್ನು ಹೊಲ ಕಲಿಸುವುದಿಲ್ಲ.

ಎರಡನೆಯದು ಜೀವನೋಪಾಯದ ಪ್ರಶ್ನೆ. ಹತ್ತನೆಯ ತರಗತಿಯ ಆಚೆಗೆ ಓದು ಮುಂದುವರಿಸಲಾಗದ ಯುವಜನರಿಗೆ ಕಡಿಮೆ ಅವಧಿಯಲ್ಲಿ ಸಂಪಾದನೆಗೆ ದಾರಿಯಾಗುವ ಕೌಶಲ್ಯಗಳಲ್ಲಿ ಚಾಲನೆಯೂ ಒಂದು. ಸಾರಿಗೆ ವಾಹನದ ಪರವಾನಗಿಗೆ ಎಂಟನೆಯ ತರಗತಿ ಉತ್ತೀರ್ಣರಾಗಿರಬೇಕೆಂದು ಹಿಂದೆ ಇದ್ದ ನಿಯಮವನ್ನು ಕೇಂದ್ರ ಸರ್ಕಾರವು 2019ರಲ್ಲಿ ಕೈಬಿಟ್ಟಿದೆ. ಈ ಸಂಗತಿ ಅನೇಕ ಗ್ರಾಮಗಳಿಗೆ ಇನ್ನೂ ತಲುಪಿಲ್ಲ. ಶಾಲೆ ಬಿಟ್ಟೆನೆಂಬ ಕಾರಣಕ್ಕೆ ಯಾರೂ ಅರ್ಜಿ ಹಾಕದೆ ಹಿಂದೆ ಸರಿಯಬೇಕಾಗಿಲ್ಲ.

ಮೂರನೆಯದು ಪಂಚಾಯತಿಯ ಸ್ವಂತ ಹೊಣೆಯ ಪ್ರಶ್ನೆ. ಘನ ತ್ಯಾಜ್ಯ ಸಂಗ್ರಹಿಸುವ ಸ್ವಚ್ಛವಾಹಿನಿಯ ಮಾಲೀಕತ್ವ ಗ್ರಾಮ ಪಂಚಾಯತಿಯ ಹೆಸರಿನಲ್ಲಿರುವಾಗ, ಪರವಾನಗಿ ಇಲ್ಲದವರು ಅದನ್ನು ಚಲಾಯಿಸಿ ಅಪಘಾತವಾದರೆ, ವಿಮಾ ಕಂಪನಿಯು ನೊಂದವರಿಗೆ ನೀಡಿದ ಪರಿಹಾರದ ಮೊತ್ತವನ್ನು ಮಾಲೀಕರಿಂದ ವಸೂಲು ಮಾಡಲು ಅವಕಾಶವಿದೆ. ಆ ಮಾಲೀಕರು ಎಂದರೆ ಪಂಚಾಯತಿ. ಆ ಹಣವೆಂದರೆ ಗ್ರಾಮದ ಜನರು ಕಟ್ಟಿದ ತೆರಿಗೆ.

3. ಕಾನೂನಿನ ಹಂತಗಳು ಮತ್ತು ಕಾಲಾವಧಿ

ಸದಸ್ಯರು ಯುವಜನರಿಗೆ ಸರಿಯಾದ ಮಾಹಿತಿ ನೀಡಬೇಕಾದರೆ ಮೋಟಾರು ವಾಹನಗಳ ಅಧಿನಿಯಮ, 1988ರ ಕೆಲವು ಅಂಶಗಳನ್ನು ತಿಳಿದಿರಬೇಕು.

ಕಾರು, ಟ್ರ್ಯಾಕ್ಟರ್, ಗೇರ್ ಇರುವ ಮೋಟಾರ್ ಸೈಕಲ್ ಇವುಗಳಿಗೆ 18 ವರ್ಷ ತುಂಬಿರಬೇಕು. ಮೊದಲು ಜನರು ಎಲ್.ಎಲ್. ಎಂದು ಕರೆಯುವ ಕಲಿಕಾ ಪರವಾನಗಿ ಪಡೆಯಬೇಕು. ಸಾರಥಿ ಜಾಲತಾಣದ ಮೂಲಕ ಇದಕ್ಕೆ ಅರ್ಜಿ ಸಲ್ಲಿಸಬಹುದು. ರಸ್ತೆ ಚಿಹ್ನೆ ಮತ್ತು ನಿಯಮಗಳ ಕುರಿತ ಪರೀಕ್ಷೆಯನ್ನು ಕನ್ನಡದಲ್ಲಿಯೇ ಬರೆಯಬಹುದು, ಶೇ. 60ರಷ್ಟು ಉತ್ತರಗಳು ಸರಿಯಿದ್ದರೆ ಉತ್ತೀರ್ಣ. ಕಲಿಕಾ ಪರವಾನಗಿಯ ಅವಧಿ ಆರು ತಿಂಗಳು. ಅದು ದೊರೆತ 30 ದಿನಗಳ ನಂತರ ಮಾತ್ರ ವಾಹನ ಚಲಾಯಿಸಿ ತೋರಿಸುವ ಪರೀಕ್ಷೆಗೆ ಹಾಜರಾಗಬಹುದು. ಅನುತ್ತೀರ್ಣರಾದವರು ಏಳು ದಿನಗಳ ನಂತರ ಮತ್ತೆ ಪರೀಕ್ಷೆ ನೀಡಬಹುದು.

ಲಾರಿ, ಬಸ್ಸಿನಂತಹ ಭಾರೀ ವಾಹನಗಳ ದಾರಿ ಇದಕ್ಕಿಂತ ಉದ್ದವಾದದ್ದು. 20 ವರ್ಷ ತುಂಬಿರಬೇಕು. ಲಘು ಮೋಟಾರು ವಾಹನದ ಪರವಾನಗಿ ಪಡೆದು ಕನಿಷ್ಠ ಒಂದು ವರ್ಷವಾಗಿರಬೇಕು. ನಿಗದಿತ ನಮೂನೆಯಲ್ಲಿ ವೈದ್ಯರ ಪ್ರಮಾಣಪತ್ರವಿರಬೇಕು. ಆದ್ದರಿಂದ ಬಸ್ ಚಾಲಕನಾಗಬೇಕೆಂಬ ಯುವಕನ ಸಿದ್ಧತೆ ಲಘು ವಾಹನದ ಪರವಾನಗಿಯಿಂದಲೇ ಆರಂಭವಾಗುತ್ತದೆ. ಹದಿನೆಂಟಕ್ಕೆ ಲಘು ವಾಹನದ ಪರವಾನಗಿ ಪಡೆದವನು ಇಪ್ಪತ್ತಕ್ಕೆ ಭಾರೀ ವಾಹನದ ತರಬೇತಿಗೆ ಸಿದ್ಧನಿರುತ್ತಾನೆ. ಇಪ್ಪತ್ತೆರಡಕ್ಕೆ ಎಚ್ಚೆತ್ತವನು ಇಪ್ಪತ್ತಮೂರರವರೆಗೆ ಕಾಯಬೇಕಾಗುತ್ತದೆ.

ಲಘು ಸರಕು ವಾಹನಗಳ ವಿಷಯದಲ್ಲಿ ಒಂದು ಗೊಂದಲ ಬಹುಕಾಲ ಇತ್ತು. ಕಾರಿನ ಪರವಾನಗಿ ಇರುವವರು ಬಾಡಿಗೆಗೆ ಓಡುವ ಸಣ್ಣ ಸರಕು ವಾಹನ ಚಲಾಯಿಸಬಹುದೇ ಎಂಬುದು ಆ ಪ್ರಶ್ನೆ. ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು 2024ರ ನವೆಂಬರ್ 6ರಂದು ಇದನ್ನು ಇತ್ಯರ್ಥಗೊಳಿಸಿದೆ. ಒಟ್ಟು ತೂಕ 7,500 ಕಿಲೋಗ್ರಾಂ ಮೀರದ ಸಾರಿಗೆ ವಾಹನವನ್ನು ಲಘು ಮೋಟಾರು ವಾಹನದ ಪರವಾನಗಿಯಿಂದಲೇ ಚಲಾಯಿಸಬಹುದು. ಪ್ರತ್ಯೇಕ ಅನುಮೋದನೆಯ ಅಗತ್ಯವಿಲ್ಲ. ಗ್ರಾಮದಲ್ಲಿ ತರಕಾರಿ, ಹಾಲು, ಮೇವು ಸಾಗಿಸುವ ಬಹುತೇಕ ಸಣ್ಣ ವಾಹನಗಳು ಈ ಮಿತಿಯೊಳಗೇ ಬರುತ್ತವೆ.

ಇನ್ನೊಂದು ಎಚ್ಚರಿಕೆಯನ್ನು ಪ್ರತಿ ವಾರ್ಡ್ ಸಭೆಯಲ್ಲಿಯೂ ಹೇಳುವುದು ಒಳಿತು. 2019ರ ತಿದ್ದುಪಡಿಯಿಂದ ಸೇರಿದ 199ಎ ಪ್ರಕರಣದ ಪ್ರಕಾರ, ಅಪ್ರಾಪ್ತ ವಯಸ್ಕರು ವಾಹನ ಚಲಾಯಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂ. ದಂಡ ವಿಧಿಸಬಹುದು, ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಅಷ್ಟೇ ಅಲ್ಲದೆ ಆ ಹುಡುಗ 25 ವರ್ಷ ತುಂಬುವವರೆಗೆ ಪರವಾನಗಿಗೆ ಅರ್ಹನಾಗುವುದಿಲ್ಲ. ಹದಿನೇಳರ ಹುಡುಗನೊಬ್ಬ ಒಂದು ಸಂಜೆ ತಂದೆಯ ಬೈಕ್ ಹಿಡಿದು ಹೊರಟು ಸಿಕ್ಕಿಬಿದ್ದರೆ, ದಂಡದ ಜೊತೆಗೆ 25 ವರ್ಷ ತುಂಬುವವರೆಗಿನ ದುಡಿಮೆಯ ಅವಕಾಶವನ್ನೂ ಕಳೆದುಕೊಳ್ಳಬಹುದು.

4. ವೆಚ್ಚ ಎಲ್ಲಿದೆ?

ನೆರವು ಎಲ್ಲಿಗೆ ಸಲ್ಲಬೇಕೆಂದು ತಿಳಿಯಲು ವೆಚ್ಚವನ್ನು ಬಿಡಿಬಿಡಿಯಾಗಿ ನೋಡಬೇಕು. ಕೇಂದ್ರ ನಿಯಮಗಳಂತೆ ಒಂದು ವರ್ಗದ ವಾಹನಕ್ಕೆ ಕಲಿಕಾ ಪರವಾನಗಿಗೆ 150 ರೂ., ಅದರ ಪರೀಕ್ಷೆಗೆ 50 ರೂ., ಚಾಲನಾ ಪರೀಕ್ಷೆಗೆ 300 ರೂ., ಪರವಾನಗಿ ನೀಡಿಕೆಗೆ 200 ರೂ. ಶುಲ್ಕವಿದೆ. ಒಟ್ಟು 700 ರೂ.; ಸಣ್ಣಪುಟ್ಟ ಸೇವಾ ಶುಲ್ಕಗಳು ಇದಕ್ಕೆ ಸೇರಬಹುದು.

ಚಾಲನಾ ತರಬೇತಿ ಶಾಲೆಯ ಶುಲ್ಕದ ಲೆಕ್ಕ ಬೇರೆ. ರಾಜ್ಯದಲ್ಲಿ ಕಾರು ಚಾಲನಾ ತರಬೇತಿಗೆ 4,000 ರೂ. ಇದ್ದ ನಿಗದಿತ ಶುಲ್ಕವನ್ನು 2024ರ ಜನವರಿಯಿಂದ 7,000 ರೂ.ಗೆ ಪರಿಷ್ಕರಿಸಲಾಗಿದೆ. ಅಂದರೆ ಸರ್ಕಾರಕ್ಕೆ ಕಟ್ಟುವ ಶುಲ್ಕ ಏಳು ನೂರು. ಕಲಿಯಲು ಬೇಕಾಗುವುದು ಏಳು ಸಾವಿರ. 2025-26ನೇ ಸಾಲಿನಲ್ಲಿ ರಾಜ್ಯದಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂ. ಇತ್ತು. ಆ ಲೆಕ್ಕದಲ್ಲಿ ತರಬೇತಿ ಶುಲ್ಕವೊಂದೇ ಸುಮಾರು 19 ದಿನಗಳ ಕೂಲಿಗೆ ಸಮ. ಇದಲ್ಲದೆ ತಾಲ್ಲೂಕು ಕೇಂದ್ರಕ್ಕೆ ಹೋಗಿ ಬರುವ ಬಸ್ ದರವಿದೆ, ಆ ದಿನಗಳಲ್ಲಿ ತಪ್ಪುವ ಕೂಲಿಯಿದೆ. ಶಕ್ತಿ ಯೋಜನೆಯಿಂದಾಗಿ ಯುವತಿಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣದ ವೆಚ್ಚವಿಲ್ಲ ಎಂಬುದು ಇಲ್ಲಿ ಗಮನಾರ್ಹ.

ಈ ಅಂತರವೇ ತೊಂದರೆಯ ಮೂಲ. ಏಳು ನೂರು ರೂಪಾಯಿ ಎಲ್ಲರೂ ಹೊಂದಿಸುತ್ತಾರೆ. ಏಳು ಸಾವಿರ ಇಲ್ಲದವರು ಕಲಿಕೆಯನ್ನು ಬಿಟ್ಟು ಪರವಾನಗಿಯನ್ನು ಮಾತ್ರ ಪಡೆಯುವ ದಾರಿ ಹುಡುಕುತ್ತಾರೆ. ಆದ್ದರಿಂದ ಸರ್ಕಾರದ ಹಣ ಸಲ್ಲಬೇಕಾದದ್ದು ಮೊದಲಿಗೆ ಕಲಿಕೆಗೆ.

5. ನೆರವು ದೊರೆಯುವ ಮಾರ್ಗಗಳು

ಅ) ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆ

1982ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಉಜಿರೆಯಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್‌ಗಳ ಸಹಯೋಗದಿಂದ ಆರಂಭವಾದ ರುಡ್‌ಸೆಟ್ ಸಂಸ್ಥೆ ನಿರುದ್ಯೋಗಿ ಗ್ರಾಮೀಣ ಯುವಜನರಿಗೆ ಅಲ್ಪಾವಧಿಯ ಉಚಿತ ತರಬೇತಿ ನೀಡುವ ಮಾದರಿಯನ್ನು ರೂಪಿಸಿತು. ಅದೇ ಮಾದರಿಯಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯದ ಬೆಂಬಲದಿಂದ ಬ್ಯಾಂಕುಗಳು ಜಿಲ್ಲೆಗಳಲ್ಲಿ ಆರ್‌ಸೆಟಿ ಎಂದು ಕರೆಯಲಾಗುವ ತರಬೇತಿ ಸಂಸ್ಥೆಗಳನ್ನು ನಡೆಸುತ್ತಿವೆ. ಇವುಗಳ ತರಬೇತಿ ಪಟ್ಟಿಯಲ್ಲಿ ಲಘು ವಾಹನ ಚಾಲನೆಯೂ ಸೇರಿದ್ದು, ಅದರ ಅವಧಿ ಸುಮಾರು 30 ದಿನ. ತರಬೇತಿ, ಊಟ, ವಸತಿ ಉಚಿತ. ಚಾಲನೆಯ ಜೊತೆಗೆ ಬ್ಯಾಂಕ್ ಸಾಲ, ಲೆಕ್ಕ ಬರೆಯುವುದು, ಗ್ರಾಹಕರೊಡನೆ ವ್ಯವಹರಿಸುವುದು ಇವನ್ನೂ ಕಲಿಸುವುದರಿಂದ ಸ್ವಂತ ವಾಹನ ಇಟ್ಟುಕೊಳ್ಳಬಯಸುವವರಿಗೆ ಇದು ಹೆಚ್ಚು ಉಪಯುಕ್ತ.

ಸದಸ್ಯರು ಇಲ್ಲಿ ಒಂದು ಸಂಗತಿಯನ್ನು ಅರಿಯಬೇಕು. ಸಾಕಷ್ಟು ಅಭ್ಯರ್ಥಿಗಳು ಇದ್ದಾಗ ಮಾತ್ರ ಇಂತಹ ತರಬೇತಿಯ ತಂಡ ರಚನೆಯಾಗುತ್ತದೆ. ಒಬ್ಬ ಯುವಕ ಹೋಗಿ ವಿಚಾರಿಸಿದರೆ ಮುಂದಿನ ತಂಡಕ್ಕೆ ಕಾಯುವಂತೆ ತಿಳಿಸಬಹುದು. ಅಕ್ಕಪಕ್ಕದ ಮೂರು, ನಾಲ್ಕು ಪಂಚಾಯತಿಗಳು ಸೇರಿ ಹೆಸರುಗಳ ಪಟ್ಟಿಯನ್ನೇ ಕಳುಹಿಸಿದರೆ ತಂಡವೊಂದನ್ನು ಕೋರಲು ಆಧಾರ ದೊರೆಯುತ್ತದೆ.

ಆ) ರಸ್ತೆ ಸಾರಿಗೆ ನಿಗಮಗಳ ತರಬೇತಿ

ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಉಪಯೋಜನೆಯ ಅನುದಾನದಲ್ಲಿ ರಾಜ್ಯದ ರಸ್ತೆ ಸಾರಿಗೆ ನಿಗಮಗಳು ಈ ಸಮುದಾಯಗಳ ಅಭ್ಯರ್ಥಿಗಳಿಗೆ ಲಘು ಮತ್ತು ಭಾರೀ ವಾಹನ ಚಾಲನಾ ತರಬೇತಿಯನ್ನು ಉಚಿತವಾಗಿ ನೀಡುತ್ತ ಬಂದಿವೆ. ಬಸ್ಸು ಓಡಿಸಿ ಅನುಭವವುಳ್ಳ ಬೋಧಕರು, ನಿಗಮದ ಸ್ವಂತ ವಾಹನಗಳು ಮತ್ತು ತರಬೇತಿ ಆವರಣ ಇದರ ವಿಶೇಷ. ಭಾರೀ ವಾಹನದ ತರಬೇತಿ ಖಾಸಗಿಯಾಗಿ ದುಬಾರಿಯಾದ್ದರಿಂದ ಈ ಅವಕಾಶದ ಬೆಲೆ ಹೆಚ್ಚು. ತಂಡಗಳ ಪ್ರಕಟಣೆಯನ್ನು ತಿಳಿಯಲು ನಿಗಮದ ವಿಭಾಗೀಯ ಕಛೇರಿ ಮತ್ತು ತಾಲ್ಲೂಕು ಸಮಾಜ ಕಲ್ಯಾಣ ಕಛೇರಿಯೊಡನೆ ಸಂಪರ್ಕ ಇಟ್ಟುಕೊಳ್ಳಬೇಕು.

ಇ) ಗ್ರಾಮ ಪಂಚಾಯತಿಯ ಸ್ವಂತ ಸಂಪನ್ಮೂಲ

ಸ್ವಂತ ಸಂಪನ್ಮೂಲದ ಶೇ. 25ರಷ್ಟನ್ನು ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಅಭಿವೃದ್ಧಿಗೆ, ಶೇ. 5ರಷ್ಟನ್ನು ವಿಕಲಚೇತನರ ಕಲ್ಯಾಣಕ್ಕೆ ಮೀಸಲಿಡಬೇಕೆಂಬುದು ಸದಸ್ಯರಿಗೆ ತಿಳಿದಿದೆ. ಇಲಾಖೆಯ ಮಾರ್ಗಸೂಚಿಗೆ ಒಳಪಟ್ಟು, ವೈಯಕ್ತಿಕ ಸೌಲಭ್ಯಗಳ ಅಡಿಯಲ್ಲಿ ಚಾಲನಾ ತರಬೇತಿಯನ್ನು ಕ್ರಿಯಾ ಯೋಜನೆಗೆ ಸೇರಿಸುವ ಬಗ್ಗೆ ಪಂಚಾಯತಿ ಪರಿಶೀಲಿಸಬಹುದು. ಲೆಕ್ಕಕ್ಕಾಗಿ ಹೇಳುವುದಾದರೆ, ವರ್ಷಕ್ಕೆ 12 ಲಕ್ಷ ರೂ. ಸ್ವಂತ ಆದಾಯವಿರುವ ಪಂಚಾಯತಿಯಲ್ಲಿ ಶೇ. 25ರ ಮೊತ್ತ 3 ಲಕ್ಷ ರೂ. ಐವರು ಯುವಜನರ ತರಬೇತಿ ಮತ್ತು ಶುಲ್ಕಕ್ಕೆ ತಲಾ 7,700 ರೂ.ನಂತೆ ತಗಲುವುದು 38,500 ರೂ. ಅದು ಮೀಸಲು ಮೊತ್ತದ ಎಂಟನೆಯ ಒಂದು ಭಾಗಕ್ಕಿಂತ ಸ್ವಲ್ಪವೇ ಹೆಚ್ಚು. ಯಂತ್ರಚಾಲಿತ ವಾಹನ ಪಡೆಯಬಯಸುವ ವಿಕಲಚೇತನರಿಗೂ ಪರವಾನಗಿ ಬೇಕಾಗುವುದರಿಂದ ಶೇ. 5ರ ಅನುದಾನದಲ್ಲಿ ಅವರನ್ನು ಮರೆಯಬಾರದು.

ಈ) ವಾಹನ ಖರೀದಿ ಸಹಾಯಧನ

ಇದು ತರಬೇತಿಗೆ ನೀಡುವ ಹಣವಲ್ಲ. ತರಬೇತಿ ಪಡೆದವರಿಗೆ ತೆರೆಯುವ ಮುಂದಿನ ಬಾಗಿಲು. ರಾಜ್ಯದ ಸ್ವಾವಲಂಬಿ ಸಾರಥಿ ಯೋಜನೆಯಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡದ ಫಲಾನುಭವಿಗಳಿಗೆ ವಾಹನದ ಮೌಲ್ಯದ ಶೇ. 75ರಷ್ಟು, ಗರಿಷ್ಠ 4 ಲಕ್ಷ ರೂ.; ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತ ಸಮುದಾಯಗಳವರಿಗೆ ಶೇ. 50ರಷ್ಟು, ಗರಿಷ್ಠ 3 ಲಕ್ಷ ರೂ. ಸಹಾಯಧನವನ್ನು ಸಂಬಂಧಿಸಿದ ಅಭಿವೃದ್ಧಿ ನಿಗಮಗಳ ಮೂಲಕ ನೀಡಲು ಅವಕಾಶ ಕಲ್ಪಿಸಲಾಗಿದೆ. ಉಳಿದ ಮೊತ್ತ ಬ್ಯಾಂಕ್ ಸಾಲ. ಆಯಾ ಸಾಲಿನ ಪ್ರಕಟಣೆಯಲ್ಲಿ ಇರುವ ವಯಸ್ಸು, ಆದಾಯ ಮಿತಿ ಮತ್ತು ಕೊನೆಯ ದಿನಾಂಕವನ್ನು ನೋಡಿಕೊಂಡೇ ಅರ್ಜಿ ಸಲ್ಲಿಸಬೇಕು.

6. ಒಂದು ನಿದರ್ಶನ

ಮೇಲಿನ ಅಂಶಗಳು ಒಂದಕ್ಕೊಂದು ಹೇಗೆ ಹೊಂದಿಕೊಳ್ಳುತ್ತವೆ ಎಂಬುದನ್ನು ಒಂದು ಕಲ್ಪಿತ ನಿದರ್ಶನದಿಂದ ತಿಳಿಯಬಹುದು.

ಒಂದೇ ಬೀದಿಯ ಇಬ್ಬರು ಯುವಕರು. ಇಬ್ಬರಿಗೂ 21 ವರ್ಷ. ಇಬ್ಬರ ತಾಯಂದಿರೂ ಕೂಲಿ ಮಾಡುವವರು. ಮೊದಲನೆಯವನ ವಾರ್ಡಿನ ಸದಸ್ಯೆ ಏಪ್ರಿಲ್ ತಿಂಗಳ ವಾರ್ಡ್ ಸಭೆಯಲ್ಲಿ ಪರವಾನಗಿ ಇಲ್ಲದ ಯುವಜನರ ಪಟ್ಟಿ ಮಾಡಿಸುತ್ತಾರೆ. ಮೇ ತಿಂಗಳಲ್ಲಿ ಅವನಿಗೆ ಕಲಿಕಾ ಪರವಾನಗಿ ದೊರೆಯುತ್ತದೆ. ಜೂನ್‌ನಲ್ಲಿ ಉಚಿತ ತರಬೇತಿಯ ತಂಡಕ್ಕೆ ಸೇರುತ್ತಾನೆ. ಜುಲೈ ಕೊನೆಗೆ ಪರವಾನಗಿ ಕೈಸೇರುತ್ತದೆ. ಸೆಪ್ಟೆಂಬರ್‌ನಲ್ಲಿ ವಾಹನ ಸಹಾಯಧನದ ಪ್ರಕಟಣೆ ಬಂದಾಗ ಅವನು ಅರ್ಜಿ ಸಲ್ಲಿಸುತ್ತಾನೆ.

ಎರಡನೆಯವನ ತಾಯಿ ಅದೇ ಸೆಪ್ಟೆಂಬರ್‌ನಲ್ಲಿ ಪ್ರಕಟಣೆಯ ಸುದ್ದಿ ಕೇಳಿ ಪಂಚಾಯತಿ ಕಛೇರಿಗೆ ಬಂದು, "ಸ್ವಾಮಿ, ನಮ್ಮ ಹುಡುಗನೂ ಗಾಡಿ ಓಡಿಸ್ತಾನೆ, ಅವನ ಹೆಸರೂ ಬರ್ಕೊಳ್ಳಿ" ಎನ್ನುತ್ತಾರೆ. ಹುಡುಗ ಗಾಡಿ ಓಡಿಸುವುದು ನಿಜ. ಆದರೆ ಪರವಾನಗಿ ಇಲ್ಲ. ಆ ದಿನ ಕಲಿಕಾ ಪರವಾನಗಿಗೆ ಅರ್ಜಿ ಹಾಕಿದರೂ ಕೊನೆಯ ದಿನಾಂಕದೊಳಗೆ ಅದು ಪೂರ್ಣ ಪರವಾನಗಿಯಾಗುವುದಿಲ್ಲ. ಆ ತಾಯಿಗೆ ಆಗ ಯಾವ ಸದಸ್ಯರೂ, ಯಾವ ಅಧಿಕಾರಿಯೂ ಸಹಾಯ ಮಾಡಲಾರರು. ಇಬ್ಬರ ಅರ್ಹತೆಯಲ್ಲಿ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸವಿದ್ದದ್ದು ಏಪ್ರಿಲ್‌ನ ಒಂದು ಪಟ್ಟಿಯಲ್ಲಿ.

7. ಹಣ ಕಲಿಕೆಯಾಯಿತೇ? ಪರಿಶೀಲಿಸುವ ವಿಧಾನ

ಖಾಸಗಿ ಚಾಲನಾ ತರಬೇತಿ ಶಾಲೆಯ ಮೂಲಕ ತರಬೇತಿ ಕೊಡಿಸುವಾಗ ಪಂಚಾಯತಿಯು ಬಿಲ್ಲನ್ನಷ್ಟೇ ನೋಡಿ ಹಣ ಪಾವತಿಸುವುದು ಸೂಕ್ತವಲ್ಲ. ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರಂತೆ ಸಾರಿಗೆಯೇತರ ವಾಹನದ ತರಬೇತಿ ಅವಧಿ ಕನಿಷ್ಠ 21 ದಿನ. ಅಭ್ಯರ್ಥಿಯು ಸ್ವತಃ ವಾಹನ ಚಲಾಯಿಸಿದ ಅವಧಿ ಕನಿಷ್ಠ 10 ಗಂಟೆ. ಸಾರಿಗೆ ವಾಹನಕ್ಕೆ ಅನುಕ್ರಮವಾಗಿ 30 ದಿನ ಮತ್ತು 15 ಗಂಟೆ.

ಈ ಸಂಖ್ಯೆಗಳನ್ನು ದಿನದ ಲೆಕ್ಕಕ್ಕೆ ಇಳಿಸಿದರೆ ಪರಿಶೀಲನೆ ಸುಲಭವಾಗುತ್ತದೆ. 10 ಗಂಟೆ ಎಂದರೆ 600 ನಿಮಿಷ. 21 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 29 ನಿಮಿಷ. ಅಂದರೆ ಪ್ರತಿ ಅಭ್ಯರ್ಥಿಯ ಕೈಯಲ್ಲಿ ದಿನಕ್ಕೆ ಅರ್ಧ ಗಂಟೆ ಸ್ಟೇರಿಂಗ್ ಇರಬೇಕು. ಒಂದೇ ಕಾರಿನಲ್ಲಿ ನಾಲ್ವರನ್ನು ಕೂರಿಸಿಕೊಂಡು ಒಂದು ಗಂಟೆ ಸುತ್ತಾಡಿಸಿದರೆ ತಲಾ 15 ನಿಮಿಷ ಮಾತ್ರ ದೊರೆಯುತ್ತದೆ. 21 ದಿನಗಳಲ್ಲಿ ಅದು 5 ಗಂಟೆ 15 ನಿಮಿಷ. ನಿಯಮ ಹೇಳುವುದರ ಅರ್ಧದಷ್ಟು. ಉಳಿದ ಸಮಯ ಹಿಂದಿನ ಆಸನದಲ್ಲಿ ಕುಳಿತು ನೋಡಿದ್ದು ಕಲಿಕೆಗೆ ಪೂರಕವಾಗಬಹುದು, ಚಾಲನೆಯ ಲೆಕ್ಕಕ್ಕೆ ಸೇರುವುದಿಲ್ಲ.

ಇದನ್ನು ದೃಢಪಡಿಸಿಕೊಳ್ಳಲು ದಾಖಲೆಗಳಿವೆ. ಪರವಾನಗಿ ಪಡೆದ ತರಬೇತಿ ಶಾಲೆಯ ಬಳಿ ನಮೂನೆ 11ರ ಪತ್ರ ಇರುತ್ತದೆ. ಅಭ್ಯರ್ಥಿಗಳ ದಾಖಲಾತಿ ವಹಿ ನಮೂನೆ 14. ಪ್ರತಿಯೊಬ್ಬ ಅಭ್ಯರ್ಥಿ ಯಾವ ದಿನ ಎಷ್ಟು ಹೊತ್ತು ವಾಹನ ಚಲಾಯಿಸಿದನೆಂಬುದನ್ನು ತೋರಿಸುವ ವಹಿ ನಮೂನೆ 15. ತರಬೇತಿ ಮುಗಿದ ಮೇಲೆ ಶಾಲೆ ನೀಡುವ ಪ್ರಮಾಣಪತ್ರ ನಮೂನೆ 5. ಪಾವತಿಗೆ ಮುನ್ನ ನಮೂನೆ 15ರ ಪ್ರತಿ ಮತ್ತು ನಮೂನೆ 5 ಕಡತದಲ್ಲಿ ಇರಬೇಕೆಂದು ನಡಾವಳಿಯಲ್ಲಿಯೇ ಬರೆಸಿದರೆ ಮುಂದೆ ಲೆಕ್ಕಪರಿಶೋಧನೆಯ ಆಕ್ಷೇಪಣೆಗೂ ಆಸ್ಪದವಿರುವುದಿಲ್ಲ.

ಕಾಗದದಷ್ಟೇ ಮುಖ್ಯವಾದದ್ದು ಅಭ್ಯರ್ಥಿಯ ಮಾತು. ವಾರಕ್ಕೊಮ್ಮೆ ಸದಸ್ಯರು ಮೂರು ಪ್ರಶ್ನೆ ಕೇಳಿದರೆ ಸಾಕು: ಈ ವಾರ ಎಷ್ಟು ದಿನ ಹೋದಿರಿ? ದಿನಕ್ಕೆ ಎಷ್ಟು ಹೊತ್ತು ನೀವೇ ಓಡಿಸಿದಿರಿ? ಹೆದ್ದಾರಿಯಲ್ಲಿ, ಏರಿನಲ್ಲಿ, ಹಿಮ್ಮುಖವಾಗಿ ಓಡಿಸಿದ್ದೀರಾ? ಉತ್ತರವು ವಹಿಯೊಂದಿಗೆ ಹೊಂದದಿದ್ದರೆ ಎರಡನೆಯ ಕಂತಿನ ಪಾವತಿಗೆ ಮೊದಲೇ ಸರಿಪಡಿಸಬಹುದು. ಆದ್ದರಿಂದ ಹಣವನ್ನು ಎರಡು ಕಂತುಗಳಲ್ಲಿ, ಮಾರ್ಗಸೂಚಿಯಂತೆ ಬ್ಯಾಂಕ್ ಖಾತೆಗೇ ಪಾವತಿಸುವ ಕ್ರಮ ಉತ್ತಮ.

ಹೆಚ್ಚಿನ ಸೌಕರ್ಯವುಳ್ಳ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳಿಗೆ 2021ರ ಜುಲೈ 1ರಿಂದ ಜಾರಿಯಾದ ನಿಯಮಗಳಲ್ಲಿ ಅವಕಾಶವಿದೆ. ಅಲ್ಲಿ ಲಘು ವಾಹನದ ಪಾಠಕ್ರಮ ನಾಲ್ಕು ವಾರಗಳಲ್ಲಿ 29 ಗಂಟೆ. ಉತ್ತೀರ್ಣರಾದವರಿಗೆ ಸಾರಿಗೆ ಕಛೇರಿಯ ಚಾಲನಾ ಪರೀಕ್ಷೆಯಿಂದ ವಿನಾಯಿತಿ ಇದೆ. ಸಮೀಪದಲ್ಲಿ ಇಂತಹ ಕೇಂದ್ರವಿದ್ದರೆ ಅದನ್ನೂ ಪರಿಗಣಿಸಬಹುದು.

8. ಯುವತಿಯರು ಮತ್ತು ಸ್ವಚ್ಛವಾಹಿನಿ

ರಾಜ್ಯದ ಅನೇಕ ಗ್ರಾಮ ಪಂಚಾಯತಿಗಳಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರು ಚಾಲನಾ ತರಬೇತಿ ಪಡೆದು ಸ್ವಚ್ಛವಾಹಿನಿಯನ್ನು ತಾವೇ ಚಲಾಯಿಸುತ್ತಿದ್ದಾರೆ. ಸಂಜೀವಿನಿ ಒಕ್ಕೂಟದ ಮೂಲಕ ಘನ ತ್ಯಾಜ್ಯ ನಿರ್ವಹಣೆ ನಡೆಯುವಲ್ಲಿ ತರಬೇತಿ ಪಡೆದ ದಿನದಿಂದಲೇ ಅವರಿಗೆ ಕೆಲಸ ಕಾದಿರುತ್ತದೆ. ಚಾಲನಾ ತರಬೇತಿಯ ಇತರ ಫಲಾನುಭವಿಗಳಿಗೆ ಈ ಅನುಕೂಲ ದುರ್ಲಭ.

ಆದರೆ ಒಂದೇ ಚಾಲಕಿಯನ್ನು ನೆಚ್ಚಿಕೊಳ್ಳುವುದು ಸರಿಯಲ್ಲ. ಆಕೆಗೆ ಜ್ವರ ಬಂದ ದಿನ, ಹೆರಿಗೆಗೆ ತವರಿಗೆ ಹೋದ ತಿಂಗಳು ವಾಹನ ನಿಲ್ಲುತ್ತದೆ, ಇಲ್ಲವೇ ಪರವಾನಗಿ ಇಲ್ಲದ ಯಾರೋ ಅದನ್ನು ಓಡಿಸುತ್ತಾರೆ. ಎರಡನೆಯ ವಿಭಾಗದಲ್ಲಿ ಹೇಳಿದ ಅಪಾಯ ಉಂಟಾಗುವುದು ಇಂತಹ ದಿನಗಳಲ್ಲಿಯೇ. ಪ್ರತಿ ಸ್ವಚ್ಛವಾಹಿನಿಗೆ ಕನಿಷ್ಠ ಇಬ್ಬರು ಪರವಾನಗಿ ಹೊಂದಿದ ಚಾಲಕಿಯರಿರುವಂತೆ ಯೋಜಿಸಬೇಕು.

ಮನೆಯವರ ಹಿಂಜರಿಕೆಯೂ ಒಂದು ಅಡ್ಡಿ. ವಸತಿ ಸಹಿತ ತರಬೇತಿಗೆ ಒಬ್ಬಳನ್ನೇ ಕಳುಹಿಸಲು ಒಪ್ಪದ ಮನೆಯವರು ಅದೇ ಸಂಘದ ಮೂವರು ಒಟ್ಟಿಗೆ ಹೊರಟಾಗ ಒಪ್ಪುತ್ತಾರೆ. ಮಹಿಳಾ ಸದಸ್ಯರು ಮನೆಗೆ ಹೋಗಿ ಅತ್ತೆ ಮಾವಂದಿರೊಡನೆ ಮಾತನಾಡಿದರೆ ಅದು ಸುತ್ತೋಲೆಗಿಂತ ಹೆಚ್ಚು ಕೆಲಸ ಮಾಡುತ್ತದೆ.

9. ಪಂಚಾಯತಿ ಕೈಗೊಳ್ಳಬಹುದಾದ ಕ್ರಮಗಳು

(1) ವಾರ್ಡ್ ಸಭೆಯಲ್ಲಿ 17ರಿಂದ 30 ವರ್ಷದೊಳಗಿನ, ಚಾಲನೆ ಕಲಿಯಲು ಆಸಕ್ತರಾದ ಯುವಜನರ ಪಟ್ಟಿ ಸಿದ್ಧಪಡಿಸುವುದು. ಪರವಾನಗಿ ಇದೆಯೇ, ಯಾವ ವರ್ಗದ್ದು, ಯಾವ ದಿನಾಂಕದ್ದು ಎಂಬ ಅಂಕಣಗಳಿರಲಿ. 17 ವರ್ಷದವರನ್ನು ಸೇರಿಸುವುದರಿಂದ ಅವರು 18 ತುಂಬಿದ ಕೂಡಲೇ ಅರ್ಜಿ ಸಲ್ಲಿಸಲು ಸಾಧ್ಯ.

(2) ಪಟ್ಟಿಯನ್ನು ಗ್ರಾಮ ಸಭೆಯಲ್ಲಿ ಓದಿ ಒಪ್ಪಿಗೆ ಪಡೆಯುವುದು. ಪಂಚಾಯತಿಯ ಅನುದಾನದಿಂದ ನೆರವು ನೀಡುವಾಗ ಆಯ್ಕೆಯ ಆದ್ಯತೆಯನ್ನು ಅಲ್ಲಿಯೇ ನಿರ್ಧರಿಸಿದರೆ ದೂರುಗಳು ಕಡಿಮೆಯಾಗುತ್ತವೆ.

(3) ಸಾಮಾಜಿಕ ನ್ಯಾಯ ಸಮಿತಿಯು ಯಾರನ್ನು ಯಾವ ಯೋಜನೆಗೆ ಕಳುಹಿಸಬೇಕೆಂದು ವಿಂಗಡಿಸುವುದು. ಉಚಿತ ತರಬೇತಿಗೆ ಅರ್ಹರಾದವರನ್ನು ಮೊದಲು ಅಲ್ಲಿಗೆ ಕಳುಹಿಸಿ, ಉಳಿದವರಿಗೆ ಮಾತ್ರ ಸ್ವಂತ ಸಂಪನ್ಮೂಲ ಬಳಸುವುದು ಮಿತವ್ಯಯದ ಕ್ರಮ.

(4) ಅರಿವು ಕೇಂದ್ರದಲ್ಲಿ ರಸ್ತೆ ಚಿಹ್ನೆಗಳ ಚಿತ್ರಪಟ ಮತ್ತು ಕಲಿಕಾ ಪರವಾನಗಿಯ ಮಾದರಿ ಪ್ರಶ್ನೆಗಳನ್ನು ಇರಿಸುವುದು. ಗಣಕಯಂತ್ರ ಇರುವಲ್ಲಿ ಅಭ್ಯಾಸ ಪರೀಕ್ಷೆಗೂ ಅವಕಾಶ ಕಲ್ಪಿಸುವುದು.

(5) ತರಬೇತಿಯ ಅವಧಿಯಲ್ಲಿ ವಾರದ ವಿಚಾರಣೆ, ಪಾವತಿಗೆ ಮುನ್ನ ನಮೂನೆ 15 ಮತ್ತು ನಮೂನೆ 5ರ ಪರಿಶೀಲನೆ.

(6) ಪರವಾನಗಿ ಪಡೆದವರ ಹೆಸರು, ದಿನಾಂಕವನ್ನು ವಹಿಯಲ್ಲಿ ದಾಖಲಿಸಿ, ವಾಹನ ಸಹಾಯಧನದ ಪ್ರಕಟಣೆ ಬಂದ ದಿನವೇ ಅವರಿಗೆ ತಿಳಿಸುವುದು. ಲಘು ವಾಹನದ ಪರವಾನಗಿಗೆ ಒಂದು ವರ್ಷ ತುಂಬಿದವರಿಗೆ ಭಾರೀ ವಾಹನ ತರಬೇತಿಯ ಮಾಹಿತಿ ನೀಡುವುದು.

(7) ಬಾಡಿಗೆ ವಾಹನ ಚಾಲನೆಯನ್ನು ವೃತ್ತಿಯಾಗಿ ಕೈಗೊಂಡವರಿಗೆ ಖಾಸಗಿ ವಾಣಿಜ್ಯ ವಾಹನ ಚಾಲಕರಿಗೆ ಇರುವ ಅಪಘಾತ ಪರಿಹಾರ ಯೋಜನೆಯ ತಿಳಿವಳಿಕೆ ನೀಡುವುದು. ಅಪಘಾತದಿಂದ ಚಾಲಕ ಮೃತಪಟ್ಟರೆ ಕುಟುಂಬಕ್ಕೆ 5 ಲಕ್ಷ ರೂ. ಪರಿಹಾರ ನೀಡುವ ಈ ಯೋಜನೆಯ ಪ್ರಯೋಜನಕ್ಕೂ ಚಾಲ್ತಿಯಲ್ಲಿರುವ ಪರವಾನಗಿಯೇ ಆಧಾರ.

10. ಉಪಸಂಹಾರ

ರಸ್ತೆ, ಚರಂಡಿ, ಕುಡಿಯುವ ನೀರಿನ ಕಾಮಗಾರಿಗಳಂತೆ ಚಾಲನಾ ತರಬೇತಿ ಕಣ್ಣಿಗೆ ಕಾಣುವ ಕೆಲಸವಲ್ಲ. ಅದಕ್ಕೆ ಶಿಲಾನ್ಯಾಸವಿಲ್ಲ, ನಾಮಫಲಕವಿಲ್ಲ. ಆದರೂ ಒಂದು ವಾರ್ಡಿನ ಐವರು ಯುವಜನರು ಸರಿಯಾಗಿ ಕಲಿತು ಪರವಾನಗಿ ಪಡೆದರೆ ಐದು ಮನೆಗಳ ಆದಾಯ ಬದಲಾಗುತ್ತದೆ, ಅವರು ಓಡಾಡುವ ರಸ್ತೆಯಲ್ಲಿ ಇತರರ ಜೀವವೂ ಸುರಕ್ಷಿತವಾಗುತ್ತದೆ. ಇದಕ್ಕೆ ಬೇಕಾದ ಹಣ ಬೇರೆ ಬೇರೆ ಇಲಾಖೆಗಳಲ್ಲಿ ಚದುರಿಕೊಂಡಿದೆ. ಅದನ್ನು ಒಬ್ಬ ಯುವಕನ ಅಥವಾ ಯುವತಿಯ ಬಳಿಗೆ ಸಕಾಲದಲ್ಲಿ ತಲುಪಿಸಬಲ್ಲವರು ಆ ಮನೆಯನ್ನು ಹೆಸರಿನಿಂದ ಬಲ್ಲ ವಾರ್ಡಿನ ಸದಸ್ಯರು.

ಚರ್ಚೆಗೆ ಪ್ರಶ್ನೆಗಳು

1. ತಮ್ಮ ವಾರ್ಡಿನಲ್ಲಿ ವಾಹನ ಚಲಾಯಿಸುತ್ತಿದ್ದರೂ ಪರವಾನಗಿ ಇಲ್ಲದವರು ಎಷ್ಟು ಜನರಿದ್ದಾರೆ? ಅವರಲ್ಲಿ ಅಪ್ರಾಪ್ತ ವಯಸ್ಕರು ಎಷ್ಟು?

2. ಕಳೆದ ಸಾಲಿನಲ್ಲಿ ವಾಹನ ಸಹಾಯಧನಕ್ಕೆ ಅರ್ಜಿ ಸಲ್ಲಿಸಲಾಗದೆ ಉಳಿದವರಲ್ಲಿ ಪರವಾನಗಿ ಇಲ್ಲದ ಕಾರಣಕ್ಕೆ ಹಿಂದೆ ಸರಿದವರು ಯಾರು?

3. ಪಂಚಾಯತಿಯ ಸ್ವಚ್ಛವಾಹಿನಿಯನ್ನು ಇಂದು ಚಲಾಯಿಸುತ್ತಿರುವವರ ಪರವಾನಗಿಯ ಅವಧಿ ಯಾವ ದಿನಾಂಕಕ್ಕೆ ಮುಗಿಯುತ್ತದೆ? ಅವರು ರಜೆಯಲ್ಲಿರುವಾಗ ವಾಹನ ಚಲಾಯಿಸುವವರು ಯಾರು?

4. ಒಂದು ತರಬೇತಿ ತಂಡಕ್ಕೆ ಸಾಕಾಗುವಷ್ಟು ಹೆಸರುಗಳನ್ನು ಒಟ್ಟುಗೂಡಿಸಲು ನೆರೆಯ ಯಾವ ಪಂಚಾಯತಿಗಳೊಡನೆ ಮಾತನಾಡಬಹುದು?